ಸ್ಕ್ಯಾನಿಂಗ್ ರೂಮಿನ ಆ ಡಾಕ್ಟರಿಗೆ ಥ್ಯಾಂಕ್ಸ್

ಹೆಸರು ಹಾಕಿದರೆ ನಿಮಗೆ ಮುಜುಗರ, ಹಾಗಾಗಿ ಹಾಕುತ್ತಿಲ್ಲ. ಥೈರಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ ಟಿಎಸ್‌ಎಚ್ ನಾರ್ಮಲ್ ಇದೆ, ಏನೂ ಆಗಿಲ್ಲ ಅಂತ ಅದುವರೆಗೆ ಎಲ್ಲರೂ ಸಾಗಹಾಕಿದ್ದರು. ರಕ್ತದ ರಿಪೋರ್ಟ್ ಸರಿಯಿದ್ದರೂ ಥೈರಾಯ್ಡ್‌ನಲ್ಲಿ ಗಂಟು ಇರಬಹುದು ಅಂದವರು ನೀವೊಬ್ಬರೇ. ಸ್ಕ್ರೀನ್ ನನ್ನ ಕಡೆ ತಿರುಗಿಸಿ, ಕಪ್ಪಗೆ ಕಾಣುತ್ತಿದ್ದ ಗಂಟಿನ ಅಂಚನ್ನು ಬೆರಳಿಟ್ಟು ತೋರಿಸಿದಿರಿ. ಟೈ-ರಾಡ್ಸ್ (ಸ್ಕ್ಯಾನ್‌ನಲ್ಲಿ ಗಂಟು ಎಷ್ಟು ಅನುಮಾನ ಹುಟ್ಟಿಸುತ್ತದೆ ಅಂತ ಹೇಳುವ ದರ್ಜೆ) 4, ಅಳತೆ 1.6 ಸೆಂ.ಮೀ. “ಈ ದರ್ಜೆಯಲ್ಲಿ 1.5 ಮುಟ್ಟಿದರೆ ಸೂಜಿ ಪರೀಕ್ಷೆ ಮಾಡಿಸಬೇಕು. ಹೆದರಬೇಡಿ, ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ” ಅಂದಿರಿ.

ಎಫ್‌ಎನ್‌ಎಸಿ, ಅಂದರೆ ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ನೋಡುವ ಆ ಪರೀಕ್ಷೆ, ಮಾಡಿಸಿದೆ. ರಿಪೋರ್ಟಿನಲ್ಲಿ ಬೆಥೆಸ್ಡಾ ದರ್ಜೆ 2 ಬಂತು, ಕ್ಯಾನ್ಸರ್ ಅಲ್ಲದ ಗಂಟು. (ಸೂಜಿಗಿಂತ ರಿಪೋರ್ಟಿಗೆ ಕಾಯೋದೇ ಜಾಸ್ತಿ ಕಷ್ಟ, ಅಲ್ವಾ?) ಮುಂದಿನ ಸ್ಕ್ಯಾನ್‌ಗೆ ಹಳೇ ಫಿಲ್ಮ್ ತರಲೇಬೇಕು, ಅಳತೆ ಹೋಲಿಸೋಕೆ ಅಂತ ಕವರ್ ಮೇಲೆ ಬರೆದುಕೊಟ್ಟಿದ್ದಿರಿ. ಖಂಡಿತ ತರುತ್ತೇನೆ, ಡಾಕ್ಟರೇ.