ಸೀನನಿಗೆ, ರಿಕ್ ರೈಟ್ ಪರವಾಗಿ

ಸೀನ,

ಪಿಂಕ್ ಫ್ಲಾಯ್ಡ್ ಬ್ಯಾಂಡಿನ ‘ದಿ ವಾಲ್’ ಆಲ್ಬಮ್ ವಿಷಯಕ್ಕೆ ಭಾನುವಾರ ಫೋನಿನಲ್ಲಿ ನಿನಗೆ ಬೈದದ್ದು ಜಾಸ್ತಿ ಆಯ್ತು, ಸಾರಿ ಕೇಳೋಣ ಅಂತ ಬರೆಯಲು ಕೂತೆ. ಅದಕ್ಕೂ ಮೊದಲು ನ್ಯಾಯವಾಗಿ ಇರಲಿ ಅಂತ ಅದನ್ನು ಇನ್ನೊಂದು ಸಲ ಪೂರ್ತಿ ಕೇಳಿದೆ. ಸಾರಿ ವಾಪಸ್ ತಗೊಂಡಿದ್ದೇನೆ.

80 ನಿಮಿಷ ಮಾರಾಯ! ‘ಕಂಫರ್ಟಬ್ಲಿ ನಂಬ್’ ಇದೆ, ‘ಹೇ ಯೂ’ ಇದೆ, ಒಪ್ಪಿದೆ. ಉಳಿದದ್ದರಲ್ಲಿ ಮುಕ್ಕಾಲು ಪಾಲು ಅಮ್ಮನ ಮೇಲೆ ದೂರು, ಮೇಷ್ಟ್ರ ಮೇಲೆ ದೂರು, ಹೆಂಡತಿ ಮೇಲೆ ದೂರು. ಮದುವೆಮನೆಯಲ್ಲಿ ಕೈ ಹಿಡಿದುಕೊಂಡು ಕಷ್ಟ ಹೇಳುವ ನೆಂಟರು ಇರುತ್ತಾರಲ್ಲ, ಹಾಗೆ. ಪಾಪ ಅನ್ನಿಸುತ್ತದೆ, ಆದರೆ ಊಟಕ್ಕೆ ಏಳಲು ಬಿಡುವುದಿಲ್ಲ.

ಪಿಂಕ್ ಫ್ಲಾಯ್ಡ್ ವಿಷಯ ಬಂದರೆ ನೀನು ‘ದಿ ವಾಲ್’ ಬರೆದ ರೋಜರ್ ವಾಟರ್ಸ್ ಕಡೆ, ನಿನ್ನ ತಮ್ಮ ಗಿಟಾರಿನ ಗಿಲ್ಮೋರ್ ಕಡೆ. ಇಪ್ಪತ್ತೈದು ವರ್ಷದಿಂದ ಇದೇ ಪಾರ್ಟಿ, ಇದೇ ಜಗಳ. ನಾನು ಕೀಬೋರ್ಡ್ ಹಿಂದೆ ಸುಮ್ನೆ ಕೂತಿದ್ದ ರಿಕ್ ರೈಟ್ ಕಡೆ. ಯಾಕೆ ಅಂತ ಇವತ್ತು ಹೇಳಿಬಿಡುತ್ತೇನೆ.

ಹಾಸ್ಟೆಲ್‌ನಲ್ಲಿ ನಮ್ಮ ಹತ್ತಿರ ಇದ್ದ ‘ಡಾರ್ಕ್ ಸೈಡ್ ಆಫ್ ದಿ ಮೂನ್’ ನೆನಪಿದೆಯಾ? ಯಾರದೋ ಕ್ಯಾಸೆಟ್ಟಿನಿಂದ ನೀನೇ ಇಳಿಸಿದ್ದು. 60 ನಿಮಿಷದ ಖಾಲಿ ಕ್ಯಾಸೆಟ್. ಎಲ್ಲಿ ಬದಿ ಬದಲಾಗಬೇಕು ಅಂತ ನೋಡದೆ ಒಂದೇ ಸಮನೆ ರೆಕಾರ್ಡ್ ಮಾಡಿಬಿಟ್ಟಿದ್ದೆ. 30 ನಿಮಿಷಕ್ಕೆ ‘ಅಸ್ ಆಂಡ್ ದೆಮ್’ ನಟ್ಟನಡುವೆ ಟೇಪ್ ಮುಗಿದು ಪ್ಲೇ ಬಟನ್ ಟಕ್ ಅಂತ ಮೇಲೆ ಬರುತ್ತಿತ್ತು. ಎದ್ದು ಹೋಗಿ ತಿರುಗಿಸಿ ಹಾಕುವಷ್ಟರಲ್ಲಿ ಆ ಗುಂಗು ಹೋಗಿರುತ್ತಿತ್ತು. ನೌಕರಿಗೆ ಸೇರಿ ಸಿ.ಡಿ. ಕೊಂಡ ಮೇಲೆ ಆ ಹಾಡನ್ನು ಮೊದಲ ಸಲ ಇಡಿಯಾಗಿ ಕೇಳಿದೆ. ಆರ್ಗನ್ ಮೆಲ್ಲಗೆ ಶುರುವಾಗುತ್ತದೆ, ಸ್ಯಾಕ್ಸೊಫೋನ್ ಬರುತ್ತದೆ, ‘ಅಸ್... ಅಸ್... ಅಸ್...’ ಅಂತ ಮಾತು ದೂರ ದೂರ ಹೋಗುತ್ತದೆ. ಯಾರಿಗೂ ಅವಸರ ಇಲ್ಲ. ಆ ರಾಗ ರೈಟ್‌ನದು ಕಣೋ. ಆಂಟೋನಿಯೋನಿಯ ಒಂದು ಸಿನಿಮಾಕ್ಕೆ ಅಂತ ಪಿಯಾನೋ ಮೇಲೆ ಮಾಡಿದ್ದ. ಆ ನಿರ್ದೇಶಕರು ಬೇಡ ಅಂದರು. ಕೆಲವು ವರ್ಷ ಮೂಲೆಯಲ್ಲಿ ಬಿದ್ದಿದ್ದು 1973ರಲ್ಲಿ ಈ ಆಲ್ಬಮ್‌ಗೆ ಬಂತು.

‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಗೂ ಪಿಯಾನೋ ಅವನದೇ. ಅದರ ಮೇಲೆ ಮಾತಿಲ್ಲದೆ ಕೂಗಿ ಅತ್ತವಳು ಕ್ಲೇರ್ ಟೋರಿ. ಭಾನುವಾರ ಅಂತ ಡಬಲ್ ಸಂಬಳ, ಒಟ್ಟು 30 ಪೌಂಡ್. ಹಾಡಿ ಮುಗಿಸಿ, ಅತಿ ಆಯ್ತೇನೋ ಅಂತ ನಾಚಿಕೊಂಡು ಮನೆಗೆ ಹೋದಳಂತೆ. 2004ರಲ್ಲಿ ಕೋರ್ಟಿಗೆ ಹೋದಳು, ಮುಂದಿನ ವರ್ಷ ರಾಜಿ ಆಯ್ತು, ಈಗ ಹಾಡು ಕಟ್ಟಿದವರು ಅಂತ ರೈಟ್ ಪಕ್ಕದಲ್ಲಿ ಅವಳ ಹೆಸರೂ ಇದೆ. ಸರಿಯಾಗೇ ಆಯ್ತು. ಆ ಹಾಡಿನಲ್ಲಿ ಅವಳಿಲ್ಲದಿದ್ದರೆ ಉಳಿಯುವುದು ಬರೀ ಒಳ್ಳೆ ಪಿಯಾನೋ.

ನನ್ನ ಪ್ರಕಾರ ಇವರ ದೊಡ್ಡ ಆಲ್ಬಮ್ ‘ವಿಶ್ ಯು ವರ್ ಹಿಯರ್’, 1975ರದ್ದು. ಅದರ ಕೆಲಸ ನಡೆಯುವಾಗ ತಲೆ, ಹುಬ್ಬು ಬೋಳಿಸಿಕೊಂಡ ಒಬ್ಬ ದಪ್ಪನೆಯ ಮನುಷ್ಯ ಅಬ್ಬಿ ರೋಡ್ ಸ್ಟುಡಿಯೋಕ್ಕೆ ಬಂದು ಕೂತ. ಸ್ವಲ್ಪ ಹೊತ್ತು ಯಾರಿಗೂ ಗುರುತು ಸಿಗಲಿಲ್ಲ. ಅವನು ಸಿಡ್ ಬ್ಯಾರೆಟ್, ಒಂದು ಕಾಲಕ್ಕೆ ಬ್ಯಾಂಡಿಗೇ ಯಜಮಾನನಾಗಿದ್ದವನು. ಆ ಆಲ್ಬಮ್ಮಿನ ‘ಶೈನ್ ಆನ್’ ಹಾಡು ಇರುವುದೇ ಅವನ ಮೇಲೆ. ಈ ಕಥೆ ನಿನಗೆ ಗೊತ್ತು, ನೂರು ಸಲ ನೀನೇ ಹೇಳಿದ್ದೀಯ. ನೀನು ಹೇಳದ್ದು ಒಂದಿದೆ. ಆಲ್ಬಮ್ ಮುಗಿಯುವಾಗ, ದನಿ ಕರಗುತ್ತಾ ಹೋಗುವಾಗ, ಸಿಂಥಸೈಜರ್ ಮೇಲೆ ಒಂದು ಸಣ್ಣ ಎಳೆ ಕೇಳುತ್ತದೆ. ಅದು ಸಿಡ್ 1967ರಲ್ಲಿ ಮಾಡಿದ ‘ಸೀ ಎಮಿಲಿ ಪ್ಲೇ’ ಹಾಡಿನ ರಾಗ. ನುಡಿಸಿದವನು ರೈಟ್. ವಾಟರ್ಸ್ ‘ದಿ ವಾಲ್’ನ ನಾಲ್ಕು ಬದಿ ತುಂಬಾ ಹೇಳಿದ್ದಕ್ಕಿಂತ ನನಗೆ ಇದು ಹೆಚ್ಚು.

ಅಂಥವನನ್ನು ‘ದಿ ವಾಲ್’ ರೆಕಾರ್ಡಿಂಗ್ ಹೊತ್ತಿಗೆ ವಾಟರ್ಸ್ ಬ್ಯಾಂಡಿನಿಂದಲೇ ತೆಗೆಸಿದ. ಆಗ ರೈಟ್ ಸಪ್ಪಗಿದ್ದ, ಹೊಸದೇನೂ ಕೊಡುತ್ತಿರಲಿಲ್ಲ ಅನ್ನುತ್ತಾರೆ. ಇರಬಹುದು. ಆಮೇಲೆ ವೇದಿಕೆ ಮೇಲೆ ಗೋಡೆ ಕಟ್ಟುವ ‘ದಿ ವಾಲ್’ನ ದೊಡ್ಡ ಶೋಗಳಿಗೆ ಇವನನ್ನೇ ಸಂಬಳಕ್ಕೆ ಕರೆದರು. ಶೋಗಳಲ್ಲಿ ನಷ್ಟ ಆಯ್ತು, ಮಾಲೀಕರಾಗಿದ್ದ ಬ್ಯಾಂಡಿನ ಉಳಿದ ಮೂವರು ಕೈಯಿಂದ ಕಟ್ಟಿದರು. ದುಡ್ಡು ಎಣಿಸಿಕೊಂಡು ಮನೆಗೆ ಹೋದವನು ಸಂಬಳದ ರೈಟ್ ಒಬ್ಬನೇ! ಇದನ್ನು ಓದಿದ ದಿನ ಒಬ್ಬನೇ ಕೂತು ನಕ್ಕೆ.

ನಿನ್ನ ಮೆಚ್ಚಿನ ಉಳಿದ ರಾಕ್ ಹಾಡುಗಳ ಪಟ್ಟಿಗೆ ಗಡಿಬಿಡಿಯಲ್ಲಿ ಉತ್ತರ: ಲೆಡ್ ಝೆಪ್ಲಿನ್ ಬ್ಯಾಂಡಿನ ‘ಸ್ಟೇರ್‌ವೇ’ ನನಗೆ ಸಾಕಾಗಿದೆ. ಅದೇ ಆಲ್ಬಮ್ ಕೊನೆಯ ‘ವೆನ್ ದಿ ಲೆವೀ ಬ್ರೇಕ್ಸ್’ ಕೇಳು. ಹಳೇ ಮನೆಯ ಮೆಟ್ಟಿಲ ಕೆಳಗೆ ಡ್ರಮ್ ಇಟ್ಟು, ಮೇಲಿನಿಂದ ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ್ದು. ಅವರ ಡ್ರಮ್ಮರ್ ಬಾನಮ್ ಹೊಡೆದರೆ ಎದೆಗೆ ಬೀಳುತ್ತದೆ. ಡೀಪ್ ಪರ್ಪಲ್ ಬ್ಯಾಂಡ್ ಅಂದರೆ ಅವರ ಲೈವ್ ಆಲ್ಬಮ್ ‘ಮೇಡ್ ಇನ್ ಜಪಾನ್’, ಬೇರೆ ಮಾತೇ ಬೇಡ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಗ್ಗೆ ಏನೂ ಹೇಳುವುದಿಲ್ಲ. ನಿನ್ನ ಮದುವೆ ಆರತಕ್ಷತೆಯಲ್ಲಿ ಹಾಡಿಸಿದ್ದೆ, ಅತ್ತಿಗೆ ಬೇಜಾರು ಮಾಡಿಕೊಳ್ಳುತ್ತಾರೆ.

ಆ ಕ್ಯಾಸೆಟ್ ನಿನ್ನ ಹತ್ತಿರವೇ ಇದೆ ಅಂತ ಗೊತ್ತು. ದೀಪಾವಳಿಗೆ ಬರುವಾಗ ತಗೊಂಡು ಬಾ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಸಿದ್ದೇನೆ. ಇವತ್ತಿಗೂ ‘ಅಸ್ ಆಂಡ್ ದೆಮ್’ ನಡುಮಧ್ಯಕ್ಕೆ ಬಂದರೆ ಏಳೋಣ ಅಂತ ಕಾಲು ಹೊರಡುತ್ತದೆ.

ನಿನ್ನ,
ಮೂರ್ತಿ