ಮಗಳಿಗೊಂದು ಪತ್ರ: ಮನೆ ಬದಲಿಸುವ ಮುನ್ನ

ಕಲಬುರಗಿ

ಮಗಳೇ,

ಅಸ್ಸಲಾಮು ಅಲೈಕುಮ್.

ನಿನ್ನೆ ಫೋನಿನಲ್ಲಿ ದನಿ ಏರಿಸಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಮಾತು ಅರ್ಧಕ್ಕೇ ಬಿಟ್ಟು ಫೋನ್ ಇಟ್ಟ ಮೇಲೆ ನಿನ್ನ ಅಮ್ಮಿಯೂ ನನ್ನೊಂದಿಗೆ ಸರಿಯಾಗಿ ಮಾತಾಡಿಲ್ಲ. ಲಾಹೋರಿನವಳೊಬ್ಬಳು, ಕಾಬೂಲಿನವಳೊಬ್ಬಳು, ಕಲಬುರಗಿಯ ನೀನು, ಮೂವರೂ ಸೇರಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಮನೆ ಹಿಡಿಯುತ್ತೇವೆ ಎಂದೆ ನೀನು. ನಾನು ಬೇಡ ಎಂದೆ. ‘ಅಬ್ಬಾ, ನೀವೂ ಉಳಿದವರ ಹಾಗೆಯೇ’ ಎಂದುಬಿಟ್ಟೆ ನೀನು. ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲು ನನ್ನಿಂದಾಗದು.

ಭಾರತ ಕಟ್ಟಿಸುತ್ತಿದ್ದ ಸಲ್ಮಾ ಅಣೆಕಟ್ಟಿನ ಕೆಲಸಕ್ಕೆ ನಾನು ಅಫ್ಘಾನಿಸ್ತಾನಕ್ಕೆ ಹೋಗಿದ್ದ ಕಥೆ ನಿನಗೆ ಬಾಯಿಪಾಠವಾಗಿದೆ. ಪಾಕಿಸ್ತಾನ ತನ್ನ ನೆಲದ ಮೇಲೆ ದಾರಿ ಕೊಡದ ಕಾರಣ ನಮ್ಮ ಯಂತ್ರಗಳು ಹಡಗಿನಲ್ಲಿ ಇರಾನಿನ ಬಂದರ್ ಅಬ್ಬಾಸ್‌ಗೆ ಹೋಗಿ, ಅಲ್ಲಿಂದ 1,500 ಕಿಲೋಮೀಟರ್ ರಸ್ತೆಯಲ್ಲಿ ಸಾಗಿ ಬರುತ್ತಿದ್ದುದನ್ನು ಬಂದ ನೆಂಟರಿಗೆಲ್ಲ ಹೇಳಿದ್ದೇನೆ. ಹೇಳದೆ ಉಳಿದದ್ದು ಒಂದೇ ಒಂದು ರಾತ್ರಿಯ ಮಾತು.

2011ರ ಚಳಿಗಾಲ. ನೀನಾಗ ಮೂರನೆಯ ತರಗತಿ. ದಾರಿ ಅಪಾಯವೆಂದು ನಮ್ಮನ್ನು ಹೆರಾತ್‌ನಿಂದ ಹೆಲಿಕಾಪ್ಟರಿನಲ್ಲಿ ಕರೆದೊಯ್ಯುತ್ತಿದ್ದರು. ಆದರೆ ಅಣೆಕಟ್ಟಿನ ಆಸುಪಾಸಿನಲ್ಲೇ ಇರುವ ಚಿಶ್ತ್ ಊರನ್ನು ನೋಡದೆ ಬರಬಾರದೆಂಬ ಹಟ ನನ್ನದು. ಅಜ್ಮೇರಿನ ಖ್ವಾಜಾ ಸಾಹೇಬರಿಂದ ದೆಹಲಿಗೆ, ದೆಹಲಿಯಿಂದ ನಮ್ಮ ಬಂದೇ ನವಾಜರೊಂದಿಗೆ ಕಲಬುರಗಿಗೆ ಬಂದ ಚಿಶ್ತಿ ಸೂಫಿ ಪರಂಪರೆಗೆ ಹೆಸರು ಕೊಟ್ಟ ಊರು ಅದು. ಘೋರಿ ಸುಲ್ತಾನರ ಕಾಲದ ಎರಡು ಮುರುಕು ಗುಮ್ಮಟಗಳನ್ನು ನೋಡಿ, ಅಲ್ಲೇ ಫಾತಿಹಾ ಓದಿ ಹೊರಟಾಗ ಕತ್ತಲಾಗಿತ್ತು.

ಒಂದು ತಿರುವಿನಲ್ಲಿ ನಾಲ್ವರು ಬಂದೂಕುಧಾರಿಗಳು ಜೀಪು ನಿಲ್ಲಿಸಿದರು. ಪೊಲೀಸರೋ ಬೇರೆ ಯಾರೋ, ಇವತ್ತಿಗೂ ತಿಳಿದಿಲ್ಲ. ಟಾರ್ಚ್ ಹಿಡಿದವನ ಬಂದೂಕಿನ ಹಿಡಿಗೆ ಗುಲಾಬಿ ಹೂವಿನ ಸ್ಟಿಕರ್ ಅಂಟಿಸಿತ್ತು. ‘ಪಾಕಿಸ್ತಾನಿಯೇ?’ ಎಂದ. ‘ಹಿಂದುಸ್ತಾನಿ’ ಎಂದೆ. ಮುಖ ಸಡಿಲವಾಯಿತು. ಪೇಶಾವರದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವನಂತೆ. ಅಲ್ಲಿ ಕಲಿತ ಉರ್ದುವಿನಲ್ಲೇ ಪಾಕಿಸ್ತಾನಕ್ಕೆ ಹಿಡಿಶಾಪ ಹಾಕಿದ. ‘ಹಿಂದೂವೋ ಮುಸಲ್ಮಾನನೋ?’ ‘ಮುಸಲ್ಮಾನ.’ ‘ಸುನ್ನಿಯೋ ಶಿಯಾವೋ?’ ‘ಸುನ್ನಿ.’ ಮೂರಕ್ಕೂ ಅವನಿಗೆ ಬೇಕಾದ ಉತ್ತರವೇ ನನ್ನಲ್ಲಿತ್ತು.

ಆಮೇಲೆ ಟಾರ್ಚ್ ನಮ್ಮ ಚಾಲಕನ ಮುಖಕ್ಕೆ ತಿರುಗಿತು. ಅವನು ಹೆರಾತಿನ ಶಿಯಾ. ಮೊಹರಂನಲ್ಲಿ ಕಪ್ಪು ಅಂಗಿ ತೊಟ್ಟಿದ್ದನ್ನು ನಾನು ಕಂಡಿದ್ದೆ. ‘ಸುನ್ನಿ’ ಎಂದ. ಗೇರಿನ ಮೇಲಿದ್ದ ಅವನ ಹೆಬ್ಬೆರಳು ಒಂದೇ ಸಮನೆ ಉಜ್ಜುತ್ತಿತ್ತು. ಅದಕ್ಕೆ ಕೆಲವು ವಾರಗಳ ಹಿಂದೆಯಷ್ಟೇ ಪಾಕಿಸ್ತಾನದ ಮಸ್ತುಂಗ್‌ನಲ್ಲಿ ಇರಾನಿಗೆ ಹೊರಟಿದ್ದ ಶಿಯಾ ಯಾತ್ರಿಕರನ್ನು ಬಸ್ಸಿನಿಂದ ಇಳಿಸಿ ಇಪ್ಪತ್ತೈದಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದಿದ್ದರು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ನಮ್ಮನ್ನು ಬಿಟ್ಟರು; ನನ್ನ ಕೈಗೆ ಒಂದು ಹಿಡಿ ಒಣದ್ರಾಕ್ಷಿಯನ್ನೂ ಹಾಕಿದರು. ಕಾಲೊನಿ ಮುಟ್ಟುವವರೆಗೆ ಚಾಲಕ ನನ್ನ ಕಡೆ ತಿರುಗಲಿಲ್ಲ. ಮರುದಿನ ಕೆಲಸಕ್ಕೆ ಬಂದ, ಆದರೆ ನನ್ನೆದುರು ತನ್ನ ಮತವನ್ನು ಅಲ್ಲಗಳೆಯಬೇಕಾಯಿತೆಂಬ ಸಂಕಟಕ್ಕೋ ಏನೋ, ಮೊದಲಿನ ಸಲಿಗೆ ಉಳಿಯಲಿಲ್ಲ. ಅವನ ಉತ್ತರವನ್ನು ಅವರು ನಂಬದಿದ್ದರೆ? ಇನ್ನೊಂದು ಪ್ರಶ್ನೆ ಕೇಳಿದ್ದರೆ? ನನ್ನನ್ನೇ ಸಾಕ್ಷಿ ಕೇಳಿದ್ದರೆ? ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಹೆಸರು, ಧರ್ಮ ಕೇಳಿ ಕೊಂದರು ಎಂಬ ಸುದ್ದಿ ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಜೀಪೇ. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೊಬ್ಬರಿದ್ದರು, ಹೆಂಡತಿ ಮಗನ ಎದುರೇ. ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆ ದುಃಖದ ನಡುವೆಯೇ ‘ನೀವು ಇದರ ಬಗ್ಗೆ ಏನು ಹೇಳುತ್ತೀರಿ?’ ಎಂದು ನನ್ನನ್ನು ಕೇಳಿದರು, ಜೊತೆಗೆ ವರ್ಷಗಟ್ಟಲೆ ವಾಕಿಂಗ್ ಮಾಡಿದವರು. ಅವರು ಕೆಟ್ಟವರಲ್ಲ. ಆದರೆ ನನ್ನ ಬಲಕ್ಕಿದ್ದವರನ್ನು ಅವರು ಕೇಳಲಿಲ್ಲ, ನನ್ನನ್ನೇ ಕೇಳಿದರು. ಮೇ 7ರ ಬೆಳಿಗ್ಗೆ ಸೇನೆಯ ಸಮವಸ್ತ್ರದಲ್ಲಿ ದೇಶಕ್ಕೆ ಆಪರೇಷನ್ ಸಿಂಧೂರ ಕಾರ್ಯಾಚರಣೆಯ ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಶಿ ನಮ್ಮ ಗೋಕಾಕ ಸೀಮೆಯ ಸೊಸೆ. ಮಧ್ಯಪ್ರದೇಶದ ಮಂತ್ರಿಯೊಬ್ಬ ವೇದಿಕೆಯ ಮೇಲಿನಿಂದ ಭಯೋತ್ಪಾದಕರ ಸಹೋದರಿ ಎಂಬ ಅರ್ಥದಲ್ಲಿ ಆಡಿದ್ದು ಆಕೆಯನ್ನು ಕುರಿತೇ. ಹೈಕೋರ್ಟ್ ತಾನಾಗಿ ಪ್ರಕರಣ ದಾಖಲಿಸಲು ಹೇಳಿತು, ಅದು ನನಗೆ ದೊಡ್ಡ ಸಮಾಧಾನ. ಆದರೂ ಯೋಚಿಸು. ಭುಜದ ಮೇಲೆ ಅಷ್ಟು ನಕ್ಷತ್ರಗಳಿದ್ದವರಿಗೇ ಅದು ತಪ್ಪಲಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ತರಗತಿಗೆ ಹೋಗುವ ನನ್ನ ಮಗಳು ಆ ಇಬ್ಬರೊಂದಿಗೆ ತೆಗೆಸಿಕೊಂಡ ಒಂದು ಫೋಟೋ ಇಲ್ಲಿನ ಮೊಬೈಲ್‌ಗಳಲ್ಲಿ ಓಡಾಡಿದರೆ ಏನಾದೀತು? ಒಂದು ಸ್ಟೇಟಸ್‌ಗೆ ಠಾಣೆಯ ಮೆಟ್ಟಿಲು ಹತ್ತಿದವರನ್ನು ನೋಡಿದ್ದೇವೆ. ನಾನು ಬೇಡ ಎಂದದ್ದು ಇದಕ್ಕೆ.

ಆ ಹುಡುಗಿಯರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಒಂದೇ ಮನೆ ಹಿಡಿಯಲು ಹೊರಟರೂ ತಮ್ಮ ದೇಶಗಳ ಮಾತು ಬಂದಾಗ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದೆಯಲ್ಲ, ಅದು ಸಹಜ. 2025ರ ಅಕ್ಟೋಬರಿನಲ್ಲಿ ಅವರ ದೇಶಗಳು ಗಡಿಯಲ್ಲಿ ಗುಂಡು ಹಾರಿಸಿಕೊಂಡು, ದೋಹಾದಲ್ಲಿ ಕೂತು ಕದನ ವಿರಾಮ ಮಾಡಿಕೊಂಡವು. ಒಬ್ಬಳ ಸರ್ಕಾರ ತಾಲಿಬಾನ್ ತನ್ನ ಶತ್ರುಗಳಿಗೆ ಆಶ್ರಯ ಕೊಟ್ಟಿದೆ ಎನ್ನುತ್ತದೆ. ಇನ್ನೊಬ್ಬಳ ಜನರನ್ನು, ಅಲ್ಲೇ ಹುಟ್ಟಿ ಬೆಳೆದವರನ್ನೂ ಸೇರಿಸಿ, ಪಾಕಿಸ್ತಾನ 2023ರಿಂದ ತೋರ್ಖಮ್ ಗಡಿ ದಾಟಿಸಿ ಹೊರಗಟ್ಟುತ್ತಿದೆ. ಇಬ್ಬರೂ ಮುಸ್ಲಿಮರೇ, ಇಬ್ಬರೂ ಸುನ್ನಿಗಳೇ. 1893ರಲ್ಲಿ ಬ್ರಿಟಿಷರ ಡ್ಯುರಾಂಡ್ ಎಳೆದ, ಈಗ ಈ ಎರಡು ದೇಶಗಳ ಗಡಿಯಾಗಿರುವ ಗೆರೆಗೆ ಇದಾವುದೂ ಲೆಕ್ಕಕ್ಕಿಲ್ಲ. ಧರ್ಮ ಒಂದೇ ಆದರೆ ಜಗಳ ಇರುವುದಿಲ್ಲವೆಂದು ನಂಬಿದವರಿಗೆ 1971ರಲ್ಲೇ ಢಾಕಾದಿಂದ ಉತ್ತರ ಬಂದಿತ್ತು. ನೀನು ಅವರ ನಡುವೆ ತೀರ್ಪು ಹೇಳಲು ಹೋಗಬೇಡ. ಕಾಬೂಲಿನವಳ ಬಗ್ಗೆ ಮಾತ್ರ ಒಂದು ಮಾತು ಹೇಳುತ್ತೇನೆ: ಅವಳ ದೇಶದಲ್ಲಿ ಇವತ್ತು ಆರನೆಯ ತರಗತಿಯ ಮೇಲೆ ಹೆಣ್ಣುಮಕ್ಕಳಿಗೆ ಶಾಲೆಯಿಲ್ಲ. ಅಲ್ಲಿನ ತಾಲಿಬಾನ್ ಸರ್ಕಾರದ ವಿದೇಶಾಂಗ ಸಚಿವ ಅದೇ ಅಕ್ಟೋಬರಿನಲ್ಲಿ ದೆಹಲಿಗೆ ಬಂದಾಗ ಮೊದಲ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರನ್ನು ಬಿಡಲಿಲ್ಲ, ಗದ್ದಲವಾದ ಮೇಲೆ ಕರೆದರು. ದೇವಬಂದ್‌ನ ಮದರಸಾದಲ್ಲಿ ಆತನಿಗೆ ಸಿಕ್ಕ ಸ್ವಾಗತ ನೋಡಿ ನನಗೆ ಬಹಳ ನೋವಾಯಿತು. ನಮ್ಮವರೆಂದು ಸುಮ್ಮನಿರಲು ನನ್ನಿಂದಾಗದು. ಹೆಣ್ಣುಮಗಳನ್ನು ಓದಿಸಿದ ತಂದೆ ನಾನು.

ಯಾರಾದರೂ ನಿನ್ನ ದೇಶನಿಷ್ಠೆಯನ್ನು ಪರೀಕ್ಷಿಸಲು ಬಂದರೆ ಲಾಹೋರಿನವಳನ್ನು ಬೈದು ಪಾಸಾಗಬೇಡ. ಅವಳ ಕಡೆಯವರು ‘ಭಾರತದಲ್ಲಿ ನಿಮ್ಮನ್ನು ಬದುಕಗೊಡುವುದಿಲ್ಲವಂತೆ’ ಎಂದು ಮರುಕ ತೋರಿಸಿದರೆ ನಮ್ಮ ಮನೆಯ ಕಷ್ಟವನ್ನು ಅವರ ಮುಂದೆ ಹರವಬೇಡ. ಪಾಕಿಸ್ತಾನದಲ್ಲಿ ಅಲ್ಪಸಂಖ್ಯಾತರಾದ ಅಹಮದಿಗಳಿಗೆ, ಹಜಾರಾಗಳಿಗೆ ಏನಾಗಿದೆ ಎಂದು ತಿರುಗಿಸಿ ಕೇಳುವುದೂ ಬೇಡ, ಅದರಿಂದ ಯಾರ ಗಾಯವೂ ಮಾಯುವುದಿಲ್ಲ. ನಮಾಜ್ ಬಿಡಬೇಡ. ಓದು ಬಿಡಬೇಡ. ಉಪದೇಶ ಉದ್ದವಾಯಿತು, ನಿನ್ನ ಅಮ್ಮಿಯೂ ಪಕ್ಕದಿಂದ ಹಾಗೇ ಹೇಳುತ್ತಿದ್ದಾಳೆ.

ಮನೆ ಹಿಡಿ. ಮುಂಗಡದ ಹಣ ಸೋಮವಾರ ಕಳಿಸುತ್ತೇನೆ. ಕರಾರು ಪತ್ರದಲ್ಲಿ ಮೂವರ ಹೆಸರೂ ಇರಲಿ, ಒಬ್ಬಳ ಮೇಲೆ ಹೊರೆ ಬೀಳಬಾರದು. ಫೋಟೋಗಳನ್ನು ನಮಗೆ ಕಳಿಸು, ಬೇರೆಲ್ಲೂ ಹಾಕಬೇಡ. ಈ ವಿಷಯದಲ್ಲಿ ನೀನು ಎಷ್ಟು ವಾದಿಸಿದರೂ ನಾನು ಬದಲಾಗುವುದಿಲ್ಲ. ಇನ್ನೊಂದು. 2022ರಲ್ಲಿ ಏಷ್ಯಾ ಕಪ್‌ನ ಒಂದು ಪಂದ್ಯದ ನಂತರ ನಿಮ್ಮ ಲೆಸ್ಟರ್‌ನ ಬೀದಿಗಳಲ್ಲೇ ಹಿಂದೂ, ಮುಸ್ಲಿಂ ಹುಡುಗರು ವಾರಗಟ್ಟಲೆ ಎದುರುಬದುರಾಗಿ ನಿಂತಿದ್ದರು. ಭಾರತ, ಪಾಕಿಸ್ತಾನ ಆಡುವ ದಿನ ಸಂಜೆ ಮೂವರೂ ಮನೆಯೊಳಗೇ ಇರಿ. ಇದು ಸಲಹೆಯಲ್ಲ, ಅಪ್ಪಣೆ.

ನಿನ್ನ
ಅಬ್ಬಾ