ಹೆಸರು ಅಳಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಆಸ್ಪತ್ರೆಗಳ ದಾಖಲೆಗಳನ್ನು ಒಟ್ಟುಗೂಡಿಸಿ ಸಂಶೋಧನೆಗೆ ಕೊಡುವಾಗ ‘ಹೆಸರು, ವಿಳಾಸ ತೆಗೆದಿದ್ದೇವೆ, ಇನ್ನೇನು ಭಯ?’ ಎನ್ನುವುದು ವಾಡಿಕೆ. ಈ ಭರವಸೆ ನಂಬತಕ್ಕದ್ದಲ್ಲ. ಮುಂಬಯಿಯ ಕನ್ನಡಿಗರು, ತುಳುವರಂಥ ಸಣ್ಣ ಸಮುದಾಯಗಳ ಮಟ್ಟಿಗಂತೂ ಅದು ಅಪಾಯಕಾರಿ.

ಇಂಥದೊಂದು ದಾಖಲೆಯನ್ನು ಊಹಿಸಿಕೊಳ್ಳಿ: ಹೆಂಗಸು, ಹುಟ್ಟಿದ ದಿನಾಂಕ, ಪಿನ್ 400019, ಮನೆಮಾತು ತುಳು, ಮಂಗಳವಾರ–ಶುಕ್ರವಾರ ಡಯಾಲಿಸಿಸ್. ಹೆಸರಿಲ್ಲ, ನಿಜ. ಆ ಪಿನ್‌ನ ಮಾಟುಂಗದಲ್ಲಿ ಆಕೆಯದೇ ಕಟ್ಟಡದವರಿಗೆ ಹೆಸರು ಬೇಕೇ? ಜಿಪ್ ಕೋಡ್ (ಅಲ್ಲಿನ ಪಿನ್), ಜನ್ಮದಿನಾಂಕ, ಲಿಂಗ ಇಷ್ಟರಿಂದಲೇ ಅಮೆರಿಕದ ಶೇ 87ರಷ್ಟು ಜನರನ್ನು ಗುರುತಿಸಬಹುದೆಂದು ಕಂಪ್ಯೂಟರ್ ವಿಜ್ಞಾನಿ ಲಟಾನ್ಯಾ ಸ್ವೀನಿ 2000ದಲ್ಲೇ ಅಂದಾಜಿಸಿದ್ದರು. ನಮ್ಮಲ್ಲಿ ಇದರ ಮೇಲೆ ಭಾಷೆ, ಹುಟ್ಟೂರಿನ ಜಿಲ್ಲೆ ಬೇರೆ ಸೇರುತ್ತವೆ.

ಮೊಬೈಲ್ ನಂಬರನ್ನು ‘ಹ್ಯಾಶ್’ ಮಾಡಿದ್ದೇವೆ, ಅಂದರೆ ಒಂದು ಸೂತ್ರದಿಂದ ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಅಕ್ಷರ-ಅಂಕಿಗಳ ಸಾಲಾಗಿ ಬದಲಿಸಿದ್ದೇವೆ ಎಂಬುದು ಇನ್ನೊಂದು ಸಮಾಧಾನ. ನಮ್ಮ ನಂಬರುಗಳು ಹತ್ತು ಅಂಕಿಯವು, 6ರಿಂದ 9ರೊಳಗೆ ಶುರುವಾಗುವವು. ಎಲ್ಲ ಸೇರಿ 400 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಅಷ್ಟನ್ನೂ ಹ್ಯಾಶ್ ಮಾಡಿ ತಾಳೆ ನೋಡಲು ಕೆಲವು ನಿಮಿಷ ಸಾಕು. ಹೊರಗಿನವರು ಊಹಿಸಲಾಗದ ಅಕ್ಷರ-ಅಂಕಿಗಳ ಗುಪ್ತ ಕೀಲಿ ಸೇರಿಸಿಯೇ ಹ್ಯಾಶ್ ಮಾಡಬೇಕು, ಆ ಕೀಲಿ ಸಂಶೋಧಕರ ಕೈಗೆ ಹೋಗಕೂಡದು.

ಜನ್ಮದಿನಾಂಕದ ಬದಲು ಐದು ವರ್ಷಗಳ ವಯೋಗುಂಪು ಸಾಕು. ಚಿಕಿತ್ಸೆಯ ದಿನಾಂಕಗಳನ್ನು ಪ್ರತಿ ರೋಗಿಗೂ ಬೇರೆ ಬೇರೆ ದಿನಗಳಷ್ಟು ಹಿಂದೆಮುಂದೆ ಸರಿಸಿ, ನಡುವಿನ ಅಂತರ ಮಾತ್ರ ಉಳಿಸಬಹುದು. ಐದಕ್ಕಿಂತ ಕಡಿಮೆ ಜನರಿರುವ ಅಂಕಿಯನ್ನು ಕೋಷ್ಟಕದಲ್ಲಿ ಮುಚ್ಚಬೇಕು. ಇಲ್ಲೇ ಹಲವರು ಎಡವುವುದು: ಮನೆಮಾತಿನ ಪ್ರಕಾರ ರೋಗಿಗಳು ಒಟ್ಟು 40, ಮರಾಠಿ 22, ಹಿಂದಿ 15 ಎಂದು ಬರೆದು ಕನ್ನಡದ ಮನೆ ಖಾಲಿ ಬಿಟ್ಟರೆ, ಕಳೆದು ನೋಡಿದವರಿಗೆ 3 ಸಿಗುತ್ತದೆ. ಇನ್ನೊಂದು ಅಂಕಿಯನ್ನೂ ಮುಚ್ಚಲೇಬೇಕು. ಗುಂಪಿನಲ್ಲಿ ಹತ್ತು ಜನರಿದ್ದರೂ ಹತ್ತೂ ಮಂದಿಗೆ ಕ್ಷಯವೆಂದು ಬರೆದಿದ್ದರೆ ಏನನ್ನೂ ಮುಚ್ಚಿಟ್ಟಂತಾಗಲಿಲ್ಲ.

ಹಾಗೆಂದು ದತ್ತಾಂಶವೇ ಬೇಡವೆನ್ನುವವರು ನಾವಲ್ಲ. 2020ರ ಜುಲೈನಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ನಡೆದ ರಕ್ತಪರೀಕ್ಷೆಯ ಸಮೀಕ್ಷೆ, ಕೊಳೆಗೇರಿಗಳಲ್ಲಿ ಸುಮಾರು ಶೇ 57, ಉಳಿದೆಡೆ ಶೇ 16 ಜನರಿಗೆ ಕೊರೊನಾ ಸೋಂಕು ತಗಲಿದ್ದನ್ನು ತೋರಿಸಿತು. ಅಷ್ಟು ದೊಡ್ಡ ಸತ್ಯ ಹೇಳಲು ಯಾರ ಮನೆಯ ಗುರುತೂ ಬೇಕಾಗಲಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಟ್ಟಿದೆ, ಆದರೆ ಆ ಮಾಹಿತಿಯಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದೆಂಬ ಷರತ್ತಿನೊಂದಿಗೆ. ಸಂಶೋಧನೆಗೆಂದು ಪಡೆದ ಪಟ್ಟಿ ವಿಮೆಯ ಕಂತು ನಿಗದಿಗೋ ಕೆಲಸ ಕೊಡುವವರ ಮೇಜಿಗೋ ಹೋದರೆ ವಿನಾಯಿತಿ ಉಳಿಯುವುದಿಲ್ಲ. ಇದನ್ನು ದತ್ತಾಂಶ ಕೊಡುವ ಕರಾರಿನಲ್ಲೇ ಬರೆಯಬೇಕು. ಅಳಿಸುವ ದಿನಾಂಕವೂ ಅಲ್ಲೇ ಇರಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ವೈದ್ಯಕೀಯಕ್ಕೆ ಸೇರದ ಸಾಮಾನ್ಯ ನಾಗರಿಕರೂ ಇರಬೇಕು. ದತ್ತಾಂಶ ಹೊರಹೋಗುವ ಮುನ್ನ ಅವರಿಗೆ ಗೋಪ್ಯತೆಯ ಕರಾರಿನಡಿ ಇಪ್ಪತ್ತು ಸಾಲು ತೋರಿಸಿ, ‘ಇವರಲ್ಲಿ ಯಾರ ಗುರುತಾದರೂ ಹತ್ತುತ್ತದೆಯೇ?’ ಎಂದು ಕೇಳಲಿ. ಒಬ್ಬರ ಗುರುತು ಹತ್ತಿದರೂ ಫೈಲು ಮತ್ತೆ ತಿದ್ದುಪಡಿಗೆ ಹೋಗಬೇಕು.

ಸಾರ್ವಜನಿಕ ಆರೋಗ್ಯ ಸಂಶೋಧನೆಯಲ್ಲಿ ತೊಡಗಿರುವ ಕನ್ನಡಿಗರು,
ಸಾಯನ್, ಮುಂಬಯಿ